ನುಸಿಗೆ ನುಸಿಯೇ ವೈರಿ: ಖರ್ಜೂರದ ನಾಡಿನಿಂದ ತೆಂಗಿನ ನಾಡಿಗೆ ಒಂದು ಚರಿತ್ರೆ

ಕುವೈತಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಒಂದಿಷ್ಟು ತೋಟವಿದೆ. ಕೆಲವರಿಗೆ ತೆಂಗು, ಕೆಲವರಿಗೆ ಅಡಿಕೆ, ಇನ್ನು ಕೆಲವರಿಗೆ ಮನೆಯ ಹಿಂದಿನ ನಾಲ್ಕು ಮಲ್ಲಿಗೆ ಗಿಡ. ಆ ತೋಟವನ್ನು ಅಣ್ಣನೋ ತಮ್ಮನೋ ಭಾವನೋ ನೋಡಿಕೊಳ್ಳುತ್ತಾರೆ. ನಾವು ಇಲ್ಲಿಂದ ಫೋನಿನಲ್ಲಿ ಯಜಮಾನಿಕೆ ಮಾಡುತ್ತೇವೆ. ಎಲೆ ಮುದುಡಿದರೆ, ಕಾಯಿ ಸಣ್ಣದಾದರೆ, ವಾಟ್ಸಾಪಿನಲ್ಲಿ ಒಂದು ಚಿತ್ರ ಬರುತ್ತದೆ, ಕೆಳಗೆ ಒಂದೇ ಪ್ರಶ್ನೆ, "ಏನು ಹೊಡೆಸುವುದು?" ನಾನು ವೈದ್ಯನಾದುದರಿಂದ ಸ್ನೇಹಿತರು ಅಂಥ ಚಿತ್ರಗಳನ್ನು ನನಗೂ ಕಳಿಸುವುದುಂಟು. ಮನುಷ್ಯರ ಮದ್ದು ಬಲ್ಲವನಿಗೆ ಮರದ ಮದ್ದೂ ತಿಳಿದಿರಬೇಕೆಂದು ಅವರ ನಂಬಿಕೆ.

ನಾನು ಕೃಷಿ ವಿಜ್ಞಾನಿಯಲ್ಲ. ಆದರೆ ನಿವೃತ್ತಿಯ ನಂತರ ಸಿಕ್ಕ ಬಿಡುವಿನಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿ ಒಂದಿಷ್ಟು ಓದಿದೆ. ಓದುತ್ತ ಹೋದಂತೆ, ಹೊಡೆಯುವ ಔಷಧಗಳ ಚರಿತ್ರೆಗಿಂತ ಹೊಡೆಯದೆ ಬಿಟ್ಟವರ ಚರಿತ್ರೆ ಹೆಚ್ಚು ಸ್ವಾರಸ್ಯಕರವಾಗಿ ಕಂಡಿತು. ಅದರಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಇನ್ನೊಂದು ನುಸಿಯನ್ನು ತಿಂದು ಬೆಳೆ ಉಳಿಸುವ ಕಥೆ. ಈ ಕಥೆಯಲ್ಲಿ ಅರಬ್ ನಾಡಿನ ಖರ್ಜೂರವಿದೆ, ಬೆಂಗಳೂರಿನ ಹೆಬ್ಬಾಳವಿದೆ, ಕಾಸರಗೋಡಿದೆ, ನಮ್ಮ ಮನೆಯ ತೆಂಗಿನ ತೋಟವೂ ಇದೆ.

ನುಸಿ ಎಂದರೆ ಯಾರು?

ನುಸಿ ಕೀಟವಲ್ಲ. ಕೀಟಕ್ಕೆ ಆರು ಕಾಲು. ನುಸಿಗೆ ಸಾಮಾನ್ಯವಾಗಿ ಎಂಟು. ಅದು ಜೇಡ ಮತ್ತು ಚೇಳಿನ ಬಳಗ. ವೈದ್ಯರಿಗೆ ಈ ಬಳಗ ಹೊಸದಲ್ಲ. ತುರಿಕಜ್ಜಿ ಬರಿಸುವುದು ಒಂದು ನುಸಿ. ಹಾಸಿಗೆ ದಿಂಬಿನಲ್ಲಿದ್ದು ಉಬ್ಬಸ ಕೆರಳಿಸುವ ಧೂಳಿನ ನುಸಿ ಇನ್ನೊಂದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಉಣುಗು ಕೂಡ ಇದೇ ಕುಲದ ದೊಡ್ಡಣ್ಣ.

ಗಿಡಗಳ ರಸ ಹೀರುವ ನುಸಿಗಳಲ್ಲಿ ಎರಡು ಬಗೆಯವನ್ನು ನಾವು ನೆನಪಿಟ್ಟುಕೊಂಡರೆ ಸಾಕು. ಒಂದು, ಎಲೆಯ ಅಡಿಯಲ್ಲಿ ಸಣ್ಣ ಬಲೆ ನೇಯ್ದು ಬದುಕುವ ಜೇಡನುಸಿ. ಬದನೆ, ಬೆಂಡೆ, ಸೌತೆ, ಗುಲಾಬಿ ಎಲ್ಲದರ ಮೇಲೂ ಇದು ಕೂರುತ್ತದೆ; ಎಲೆ ಮೊದಲು ಚುಕ್ಕಿಚುಕ್ಕಿಯಾಗಿ ಬಿಳಚಿ, ಆಮೇಲೆ ಕಂಚಿನ ಬಣ್ಣಕ್ಕೆ ತಿರುಗಿ ಉದುರುತ್ತದೆ. ಎರಡನೆಯದು, ಇನ್ನೂ ಸಣ್ಣದಾದ, ಹುಳುವಿನಂತೆ ಉದ್ದನೆಯ ಎರಿಯೋಫಿಡ್ ನುಸಿ. ಇದಕ್ಕೆ ನಾಲ್ಕೇ ಕಾಲು. ಉದ್ದ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ.

ಇವೆರಡನ್ನೂ ತಿನ್ನುವುದಕ್ಕೆಂದೇ ಹುಟ್ಟಿದ ಬೇರೊಂದು ನುಸಿ ಕುಟುಂಬವಿದೆ. ವಿಜ್ಞಾನಿಗಳು ಫೈಟೋಸೀಡ್ ಎನ್ನುತ್ತಾರೆ. ನಮ್ಮ ಕೃಷಿ ಪುಸ್ತಕಗಳಲ್ಲಿ ಪರಭಕ್ಷಕ ನುಸಿ ಎಂದಿರುತ್ತದೆ. ಸುಮಾರು ಅರ್ಧ ಮಿಲಿಮೀಟರ್ ದೇಹ, ಹೊಳಪು ಮೈ, ಚುರುಕು ಓಟ. ಕಣ್ಣೇ ಇಲ್ಲ. ಮುಂಗಾಲುಗಳಿಂದ ತಡವಿ, ವಾಸನೆ ಹಿಡಿದು ಬೇಟೆಯಾಡುತ್ತದೆ.

ಯೆಮನಿನ ಬೆಟ್ಟದ ಇರುವೆಗಳು

ಶತ್ರುವಿನ ಶತ್ರುವನ್ನು ಸಾಕುವ ಬುದ್ಧಿ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ಕ್ರಿ.ಶ. 304ರದ್ದೆಂದು ಹೇಳುವ ಒಂದು ಚೀನೀ ಗ್ರಂಥದಲ್ಲಿ, ಕಿತ್ತಳೆ ಮರಗಳಿಗೆ ಹಾಕಲು ಇರುವೆ ಗೂಡುಗಳನ್ನು ಸಂತೆಯಲ್ಲಿ ಮಾರುತ್ತಿದ್ದ ವಿಷಯವಿದೆ. ಅದು ನಮ್ಮ ಮಾವು, ಗೇರು ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯ, ಮಲೆನಾಡಿನವರು ಚಗಳಿ ಎನ್ನುವ ಇರುವೆಯ, ಸಂಬಂಧಿ.

ನಾವಿರುವ ಈ ಅರಬ್ ಭೂಮಿಯಿಂದಲೂ ಒಂದು ಹಳೆಯ ದಾಖಲೆ ಇದೆ. 1761ರಲ್ಲಿ ಡೆನ್ಮಾರ್ಕಿನ ರಾಜ ಅರೇಬಿಯಾಕ್ಕೆ ಒಂದು ವಿದ್ವಾಂಸರ ತಂಡವನ್ನು ಕಳಿಸಿದ. ಅದರಲ್ಲಿದ್ದ ಸಸ್ಯಶಾಸ್ತ್ರಜ್ಞ ಪೀಟರ್ ಫೋರ್ಸ್ಕೋಲ್ ಮಹಾವಿಜ್ಞಾನಿ ಲಿನೇಯಸನ ಶಿಷ್ಯ. ಯೆಮನಿನಲ್ಲಿ ಅವನು ಕಂಡದ್ದು ಹೀಗಿದೆ: ಖರ್ಜೂರದ ಮರಗಳನ್ನು ಹಾಳು ಮಾಡುವ ಒಂದು ಬಗೆಯ ಇರುವೆಗಳ ಕಾಟ ತಪ್ಪಿಸಲು, ರೈತರು ಪ್ರತಿವರ್ಷ ಬೆಟ್ಟಗಳಿಂದ ಬೇರೊಂದು ಇರುವೆಯ ಗೂಡುಗಳನ್ನು ತಂದು ಮರಗಳ ಮೇಲೆ ಇಡುತ್ತಿದ್ದರು. ಬೆಟ್ಟದ ಇರುವೆ ತೋಟದ ಇರುವೆಯನ್ನು ಮುಗಿಸುತ್ತಿತ್ತು. ಫೋರ್ಸ್ಕೋಲ್ 1763ರಲ್ಲಿ ಯೆಮನಿನಲ್ಲೇ ಮಲೇರಿಯಾಕ್ಕೆ ಬಲಿಯಾದ. ತಂಡದಲ್ಲಿ ಬದುಕಿ ಉಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಅವನು ಗೆಳೆಯನ ಟಿಪ್ಪಣಿಗಳನ್ನು 1775ರಲ್ಲಿ ಅಚ್ಚು ಹಾಕಿಸಿದ. ಇದೇ ನೀಬೂರ್ ತನ್ನ ಅರೇಬಿಯಾ ವರ್ಣನೆಯಲ್ಲಿ ಕುವೈತನ್ನು ಗ್ರೇನ್ ಎಂಬ ಹೆಸರಿನಿಂದಲೂ ಗುರುತಿಸಿದ್ದಾನೆ. ಕುವೈತಿನ ಚರಿತ್ರೆ ಬರೆಯುವವರು ಅವನನ್ನು ನೆನೆಯುತ್ತಾರೆ. ಜೈವಿಕ ನಿಯಂತ್ರಣದ ಚರಿತ್ರೆ ಬರೆಯುವವರೂ ನೆನೆಯಬೇಕು.

ಖರ್ಜೂರಕ್ಕೆ ತನ್ನದೇ ನುಸಿಯೂ ಇದೆ. ಕುವೈತಿನಲ್ಲಿ ಗುಬಾರ್ ಎಂಬ ಮಾತನ್ನು ಕೇಳದವರಿಲ್ಲ. ಆಕಾಶ ಕೆಂಪಾಗಿ ಧೂಳು ಎದ್ದ ದಿನ ಎಲ್ಲರ ಬಾಯಲ್ಲೂ ಅದೇ. ಖರ್ಜೂರದ ಬೇಸಾಯಗಾರರು ಒಂದು ರೋಗಕ್ಕೂ ಇದೇ ಹೆಸರಿಟ್ಟಿದ್ದಾರೆ. ಬೇಸಿಗೆಯ ಆರಂಭದಲ್ಲಿ ಕಾಯಿ ಇನ್ನೂ ಹಸಿರಾಗಿರುವಾಗ ಒಂದು ಜೇಡನುಸಿ ಗೊನೆಯ ತುಂಬ ಬಲೆ ನೇಯುತ್ತದೆ. ಬಲೆಗೆ ಮರುಭೂಮಿಯ ಧೂಳು ಅಂಟುತ್ತದೆ. ಕಾಯಿಯ ಸಿಪ್ಪೆ ಒರಟಾಗಿ, ಕಂದಾಗಿ, ತಿನ್ನಲು ಬಾರದಂತಾಗುತ್ತದೆ. ರಸ್ತೆಬದಿಯ ಮರಗಳಲ್ಲಿ ಬೂದು ಮುಸುಕು ಹಾಕಿದಂಥ ಗೊನೆ ಕಂಡರೆ ಅದು ಬರೀ ಗಾಳಿ ತಂದ ಧೂಳಾಗಿರದೆ ನುಸಿಯ ಬಲೆ ಹಿಡಿದಿಟ್ಟ ಧೂಳೂ ಆಗಿರಬಹುದು.

ಡಿ.ಡಿ.ಟಿ. ಕಲಿಸಿದ ಪಾಠ

ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ. 1948ರಲ್ಲಿ ಅದಕ್ಕಾಗಿ ಅವನಿಗೆ ನೊಬೆಲ್ ಬಂದದ್ದು ವೈದ್ಯಕೀಯ ವಿಭಾಗದಲ್ಲಿ. ಟೈಫಸ್ ಮತ್ತು ಮಲೇರಿಯಾದಿಂದ ಅದು ಉಳಿಸಿದ ಜೀವಗಳನ್ನು ನೆನೆದರೆ ಆ ಗೌರವ ಸಲ್ಲತಕ್ಕದ್ದೇ. ಆದರೆ ಯುದ್ಧ ಮುಗಿದು ಅದೇ ಪುಡಿ ಸೇಬಿನ ತೋಟಗಳಿಗೆ ಬಂದಾಗ ವಿಚಿತ್ರ ನಡೆಯಿತು. ಹುಳುಗಳು ಸತ್ತವು; ಅದುವರೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಜೇಡನುಸಿ ತೋಟದ ತುಂಬ ಹಬ್ಬಿತು. ಡಿ.ಡಿ.ಟಿ. ಜೇಡನುಸಿಗೆ ಹೆಚ್ಚೇನೂ ಮಾಡುತ್ತಿರಲಿಲ್ಲ. ಅದನ್ನು ತಿನ್ನುವವರನ್ನು ಮಾತ್ರ ಕೊಂದಿತ್ತು.

ವೈದ್ಯರಿಗೆ ಇದು ಪರಿಚಿತ ಕಥೆ. ಬಲವಾದ ಆ್ಯಂಟಿಬಯೋಟಿಕ್ ಕೊಟ್ಟಾಗ ಕರುಳಿನಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಅವುಗಳ ಹಿಡಿತದಲ್ಲಿದ್ದ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟದ್ದು ಆಗ ತಲೆ ಎತ್ತುತ್ತದೆ. ರೋಗಿ ಮೊದಲ ಕಾಯಿಲೆಯಿಂದ ಎದ್ದು ಎರಡನೆಯದರಿಂದ ಹಾಸಿಗೆ ಹಿಡಿಯುತ್ತಾನೆ. ಎಲೆಯ ಅಡಿಭಾಗವೂ ಒಂದು ಕರುಳೇ.

ಇದನ್ನು ಲೆಕ್ಕಾಚಾರದಿಂದ ತೋರಿಸಿದವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾರ್ಲ್ ಹಫೇಕರ್. 1956ರಲ್ಲಿ ಅವನೂ ಕೆನೆಟ್ ಎಂಬ ಸಹೋದ್ಯೋಗಿಯೂ ಸ್ಟ್ರಾಬೆರಿ ಹೊಲಗಳಲ್ಲಿ, ಪರಭಕ್ಷಕ ನುಸಿ ಇದ್ದಲ್ಲಿ ಬೆಳೆ ನುಸಿ ಅಂಕೆಯಲ್ಲಿರುತ್ತದೆ, ವಿಷ ಸಿಂಪಡಿಸಿ ಪರಭಕ್ಷಕವನ್ನು ತೆಗೆದಲ್ಲಿ ಮಿತಿಮೀರುತ್ತದೆ ಎಂದು ತೋರಿಸಿದರು. 1958ರಲ್ಲಿ ಹಫೇಕರ್ ಪ್ರಕಟಿಸಿದ ಕಿತ್ತಳೆ ಹಣ್ಣಿನ ಪ್ರಯೋಗ ಇಂದಿಗೂ ಜೀವಶಾಸ್ತ್ರದ ಪಠ್ಯಗಳಲ್ಲಿದೆ. ಮೇಜಿನ ಮೇಲೆ ಕಿತ್ತಳೆಗಳು, ನಡುನಡುವೆ ರಬ್ಬರ್ ಚೆಂಡುಗಳು. ಕಿತ್ತಳೆಯ ಮೇಲೆ ತಿನ್ನುವ ನುಸಿ, ಅದರ ಹಿಂದೆ ಅದನ್ನು ತಿನ್ನುವ ನುಸಿ. ಸರಳ ಜೋಡಣೆಯಲ್ಲಿ ಪರಭಕ್ಷಕ ಎಲ್ಲ ಬೇಟೆಯನ್ನೂ ತಿಂದು ಕೊನೆಗೆ ತಾನೂ ಹಸಿದು ಸಾಯುತ್ತಿತ್ತು. ಆಗ ಅವನು ದಾರಿಗೆ ವ್ಯಾಸಲೀನಿನ ಅಡ್ಡಗೋಡೆ ಹಚ್ಚಿದ. ಬೇಟೆಯ ನುಸಿ ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಪಾರಾಗಲೆಂದು ಸಣ್ಣ ಕಡ್ಡಿಗಳನ್ನು ನೆಟ್ಟು ಫ್ಯಾನು ಹಾಕಿದ. ಅಡಗಲು, ಓಡಲು ಎಡೆ ಸಿಕ್ಕ ಮೇಲೆ ಎರಡೂ ಉಳಿದವು. ಒಂದು ಏರಿದಾಗ ಇನ್ನೊಂದು ಏರಿ, ಒಂದು ಇಳಿದಾಗ ಇನ್ನೊಂದು ಇಳಿದು ಮೂರು ಸುತ್ತು ನಡೆಯಿತು. ಶತ್ರು ಪೂರ್ತಿ ನಿರ್ನಾಮವಾದರೆ ಕಾವಲುಗಾರನೂ ಉಳಿಯುವುದಿಲ್ಲ, ಸ್ವಲ್ಪ ಶತ್ರು ಉಳಿದಿದ್ದರೇ ತೋಟ ಕ್ಷೇಮ ಎಂಬುದು ಅದರ ಸಾರ. ಒಂದು ನುಸಿಯೂ ಕಾಣಬಾರದೆಂದು ಹಟ ಹಿಡಿಯುವವರಿಗೆ ಈ ಮಾತು ಮೊದಲ ಸಲಕ್ಕೆ ರುಚಿಸುವುದಿಲ್ಲ.

ಆರ್ಕಿಡ್ ಹೂವಿನ ಜೊತೆ ಬಂದ ಅತಿಥಿ

1950ರ ದಶಕದ ಕೊನೆಯಲ್ಲಿ ಚಿಲಿ ದೇಶದಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳಲ್ಲಿ ಒಂದು ಕೆಂಪನೆಯ, ಚುರುಕಾದ ನುಸಿ ಕಂಡಿತು. ಡೋಸ್ಸೆ ಎಂಬ ವಿಜ್ಞಾನಿ ಅದನ್ನು ಸಾಕಿ ನೋಡಿದಾಗ ಅದು ಜೇಡನುಸಿಯನ್ನಲ್ಲದೆ ಬೇರೇನನ್ನೂ ಇಷ್ಟಪಡಲಿಲ್ಲ. ಅದೇ ಜಾತಿಯನ್ನು 1957ರಲ್ಲಿ ಆಲ್ಜೀರಿಯಾದಿಂದ ಗುರುತಿಸಿ ಹೆಸರಿಟ್ಟಿದ್ದವರು ಕ್ಲೇರ್ ಅತಿಯಾಸ್-ಆಂರಿಯೋ ಎಂಬ ಮಹಿಳೆ. ಹೆಸರು ಫೈಟೋಸಿಯುಲಸ್ ಪರ್ಸಿಮಿಲಿಸ್. ಈ ವಿಜ್ಞಾನಿಯ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಲಿ. ಮುಂದೆ ಇನ್ನೆರಡು ಬಾರಿ ಬರಲಿದೆ.

ಜರ್ಮನಿಯಿಂದ ಈ ನುಸಿ ಹಾಲೆಂಡ್, ಇಂಗ್ಲೆಂಡ್, ಅಮೆರಿಕಗಳ ಪ್ರಯೋಗಶಾಲೆಗಳಿಗೆ ಹೋಯಿತು. ಹಾಲೆಂಡಿನಲ್ಲಿ ಯಾನ್ ಕಾಪರ್ಟ್ ಎಂಬ ಸೌತೆ ಬೆಳೆಗಾರನಿದ್ದ. ಸಿಂಪಡಿಸುವ ರಾಸಾಯನಿಕಗಳು ಅವನ ಮೈಗೆ ಒಗ್ಗುತ್ತಿರಲಿಲ್ಲ. ಜೇಡನುಸಿಯೂ ಅವುಗಳಿಗೆ ಬಗ್ಗುತ್ತಿರಲಿಲ್ಲ. 1967ರಲ್ಲಿ ಅವನು ಗಾಜಿನ ಮನೆಯಲ್ಲಿ ಪರ್ಸಿಮಿಲಿಸನ್ನು ಬಿಟ್ಟು ನೋಡಿ, ಆಮೇಲೆ ಅದನ್ನೇ ಸಾಕಿ ನೆರೆಯವರಿಗೆ ಮಾರಲು ತೊಡಗಿದ. ಇಂದು ಅದು ಈ ಕ್ಷೇತ್ರದ ದೊಡ್ಡ ಉದ್ಯಮಗಳಲ್ಲಿ ಒಂದು. ಹೊಟ್ಟಿನಲ್ಲಿ ಬೆರೆಸಿದ ಜೀವಂತ ನುಸಿಗಳನ್ನು ಬಾಟಲಿಯಲ್ಲಿ ತುಂಬಿ ವಿಮಾನದಲ್ಲಿ ಕಳಿಸುತ್ತಾರೆ. ರೈತ ಎಲೆಯ ಮೇಲೆ ಉಪ್ಪು ಉದುರಿಸಿದಂತೆ ಉದುರಿಸುತ್ತಾನೆ.

ಕಣ್ಣಿಲ್ಲದ ಈ ಬೇಟೆಗಾರ ಬೇಟೆ ಇರುವ ಗಿಡವನ್ನು ಹೇಗೆ ಹುಡುಕುತ್ತದೆ? ಹಾಲೆಂಡಿನ ಮಾರಿಸ್ ಸಬೆಲಿಸ್ ಮತ್ತು ಮಾರ್ಸೆಲ್ ಡಿಕ್ಕೆ 1980ರ ದಶಕದಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು. ಜೇಡನುಸಿ ಕಚ್ಚಿದ ಅವರೆ ಗಿಡ, ಕಚ್ಚದ ಗಿಡ ಹೊರಡಿಸದಂಥ ವಾಸನೆಯನ್ನು ಗಾಳಿಗೆ ಬಿಡುತ್ತದೆ. ಪರಭಕ್ಷಕ ಆ ವಾಸನೆಯ ಜಾಡು ಹಿಡಿದು ಬರುತ್ತದೆ. ನೋವಾದ ಗಿಡ ಕಾವಲುಗಾರನನ್ನು ಕರೆಯುತ್ತದೆ ಎಂದರೆ ಕವಿಯ ಮಾತೆನಿಸುತ್ತದೆ. ಆದರೆ ಇದು ಅಳೆದು ನೋಡಿದ ಸತ್ಯ.

ಆಫ್ರಿಕದಲ್ಲಿ ನಡೆದದ್ದು ಇನ್ನೂ ದೊಡ್ಡದು. ದಕ್ಷಿಣ ಅಮೆರಿಕದಿಂದ ಬಂದ ಹಸಿರು ನುಸಿಯೊಂದು 1971ರಲ್ಲಿ ಉಗಾಂಡದ ಮರಗೆಣಸಿನಲ್ಲಿ ಕಂಡು, ಬಡವರ ಊಟವಾದ ಆ ಬೆಳೆಯನ್ನು ಖಂಡದುದ್ದಕ್ಕೂ ಹಾಳು ಮಾಡುತ್ತ ಹೋಯಿತು. ಅದರ ತವರಾದ ಬ್ರೆಜಿಲಿನಲ್ಲೇ ಹುಡುಕಿ ತಂದ ಪರಭಕ್ಷಕ ನುಸಿಯೊಂದನ್ನು 1993ರಲ್ಲಿ ಬೆನಿನ್ ದೇಶದಲ್ಲಿ ಬಿಟ್ಟರು. ಅದು ಹಗಲು ಗಿಡದ ಕುಡಿಯಲ್ಲಿ ಅಡಗಿ ರಾತ್ರಿ ಎಲೆಗಳಿಗೆ ಇಳಿದು ಬೇಟೆಯಾಡುತ್ತದೆ. ಅಲ್ಲಿಂದ ಹಲವು ದೇಶಗಳಿಗೆ ತಾನಾಗಿಯೇ ಹರಡಿತು. ರೈತ ಅದಕ್ಕಾಗಿ ಕಾಸು ಖರ್ಚು ಮಾಡಲಿಲ್ಲ.

ಹೆಬ್ಬಾಳದ ಚನ್ನಬಸವಣ್ಣನವರು

ಈ ಚರಿತ್ರೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆ 1957ರಲ್ಲಿ ತನ್ನ ಭಾರತೀಯ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆಯಿತು. ಅಂದಿನಿಂದ ದೇಶದ ಜೈವಿಕ ನಿಯಂತ್ರಣಕ್ಕೆ ಬೆಂಗಳೂರೇ ತವರು. ಪಾರ್ಥೇನಿಯಂ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1983ರಲ್ಲಿ ಇಲ್ಲಿಗೇ ತಂದರು. ಪಪ್ಪಾಯಿಯ ಹಿಟ್ಟುತಿಗಣೆಯನ್ನು ಮಣಿಸಿದ ಪುಟ್ಟ ಕಣಜ 2010ರಲ್ಲಿ ಪೋರ್ಟೊರಿಕೋದಿಂದ ಬಂದಿಳಿದದ್ದೂ ಇಲ್ಲಿಗೇ.

ನುಸಿಗಳ ವಿಷಯಕ್ಕೆ ಬಂದರೆ ಕೃಷಿ ವಿಶ್ವವಿದ್ಯಾಲಯದ ಡಾ. ಜಿ.ಪಿ. ಚನ್ನಬಸವಣ್ಣನವರನ್ನು ನೆನೆಯದೆ ಮುಂದೆ ಹೋಗಲಾಗದು. ಎರಿಯೋಫಿಡ್ ನುಸಿಗಳ ಮೇಲೆ ಅವರ ಗ್ರಂಥ ಹೆಬ್ಬಾಳದಿಂದ 1966ರಲ್ಲಿ ಹೊರಬಂತು. ಕಲಬುರಗಿ ಕಡೆಯ ರೈತರು ಗೊಡ್ಡು ರೋಗವೆಂದು ಹೆದರುವ, ಹೂವೂ ಕಾಯಿಯೂ ಬಿಡದೆ ತೊಗರಿ ಹಸಿರಾಗಿಯೇ ನಿಂತುಬಿಡುವ ಕಾಯಿಲೆ ಇದೆಯಲ್ಲ, ಅದರ ವೈರಸ್ಸನ್ನು ಹೊತ್ತು ತಿರುಗುವ ನುಸಿಗೆ ವೈಜ್ಞಾನಿಕ ಹೆಸರು ಕೊಟ್ಟವರು ಅವರೇ. ಆ ನುಸಿಯ ಹೆಸರಿನ ಮುಂದೆ ಜಗತ್ತಿನಾದ್ಯಂತ ಚನ್ನಬಸವಣ್ಣ, 1966 ಎಂದು ಬರೆಯುತ್ತಾರೆ. 1986ರಲ್ಲಿ ನುಸಿ ವಿಜ್ಞಾನಿಗಳ ಏಳನೆಯ ಅಂತಾರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಕಣ್ಣಿಗೆ ಕಾಣದ ಪ್ರಾಣಿಯ ಅಧ್ಯಯನದಿಂದ ಏನು ಲಾಭ ಎಂದು ಕೇಳುವವರು ಆಗ ಇದ್ದಿರಲೇಬೇಕು. ಹನ್ನೆರಡು ವರ್ಷ ಕಳೆಯುವುದರೊಳಗೆ ಉತ್ತರ ಬಂತು.

ತೆಂಗಿಗೆ ಬಂದ ನುಸಿ

ಮೆಕ್ಸಿಕೋದ ಗೆರೆರೊ ಪ್ರಾಂತ್ಯದ ತೆಂಗಿನಕಾಯಿಯಲ್ಲಿ ಸಿಕ್ಕ ಒಂದು ಎರಿಯೋಫಿಡ್ ನುಸಿಯನ್ನು ಕೈಫರ್ ಎಂಬಾತ 1965ರಲ್ಲಿ ವರ್ಣಿಸಿದ್ದ. ಎರಡೇ ವರ್ಷದಲ್ಲಿ ಅದು ಪಶ್ಚಿಮ ಆಫ್ರಿಕದಲ್ಲಿ ಕಂಡಿತು. 1997ರ ಕೊನೆಗೆ ಶ್ರೀಲಂಕಾಕ್ಕೂ, 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಗೂ ಬಂತು. ಅಲ್ಲಿಂದ ಗಾಳಿಯಲ್ಲಿ ತೇಲುತ್ತ ತಮಿಳುನಾಡು, ಕರ್ನಾಟಕಗಳನ್ನು ಹೊಕ್ಕಿತು. ದಕ್ಷಿಣ ಕನ್ನಡ, ಮಂಡ್ಯ, ಹಾಸನ, ತುಮಕೂರು ಎಲ್ಲೆಡೆ ಒಂದೇ ಮಾತು: ನುಸಿ ಪೀಡೆ.

ಈ ನುಸಿ ವಾಸಿಸುವುದು ಎಳೆಗಾಯಿಯ ತೊಟ್ಟಿನ ಟೊಪ್ಪಿಯ ಕೆಳಗೆ. ಅಲ್ಲಿನ ಮೃದುವಾದ ಭಾಗದಿಂದ ರಸ ಹೀರುತ್ತದೆ. ಸುಮಾರು ಒಂದು ವಾರದಿಂದ ಹತ್ತು ದಿನದಲ್ಲಿ ಒಂದು ತಲೆಮಾರು. ಒಂದೇ ಕಾಯಿಯಲ್ಲಿ ಸಾವಿರಾರು. ಮೊದಲು ತೊಟ್ಟಿನ ಅಂಚಿನಿಂದ ಮಾಸಲು ಬಿಳಿಯ ತ್ರಿಕೋನ ಕಾಣುತ್ತದೆ. ಕಾಯಿ ಬೆಳೆದಂತೆ ಅದು ಕಂದಾಗಿ, ಬಿರಿದು, ಅಂಟು ಸೋರುತ್ತದೆ. ಎಳೆಗಾಯಿ ಉದುರುತ್ತದೆ, ಉಳಿದದ್ದು ಸಣ್ಣಗೆ ಸೊಟ್ಟಗಾಗುತ್ತದೆ. ಸಿಪ್ಪೆ ಗಟ್ಟಿಯಾಗಿ ಸುಲಿಯುವವನ ಕೈ ನೋಯುತ್ತದೆ, ನಾರು ಕೆಲಸಕ್ಕೆ ಬಾರದು, ಕೊಬ್ಬರಿ ತೂಕ ಬಾರದು. ತಿಪಟೂರಿನ ಉಂಡೆ ಕೊಬ್ಬರಿಯನ್ನೇ ನಂಬಿದ ಮನೆಗಳಿಗೆ ಇದು ಎಂಥ ಪೆಟ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಆಗ ನಾನು ಕುವೈತಿಗೆ ಬಂದು ಆರೇಳು ವರ್ಷವಾಗಿತ್ತು. ಕೇರಳದ ಗಡಿಗೆ ಹತ್ತಿರವಿರುವ ನಮ್ಮ ಮನೆಯ ತೋಟವನ್ನು ಅಣ್ಣ ನೋಡಿಕೊಳ್ಳುತ್ತಿದ್ದರು. ಒಂದು ಶುಕ್ರವಾರ ಫೋನು ಮಾಡಿದಾಗ ಅವರು, "ಕಾಯಿ ನೋಡಿದರೆ ನಿನಗೆ ಬೇಜಾರಾದೀತು. ನೀನು ಡಾಕ್ಟರಲ್ವಾ, ಇದಕ್ಕೊಂದು ಮದ್ದು ಹೇಳು ಮಾರಾಯ" ಎಂದರು. ಊರಿನಲ್ಲಿ ಮದ್ದುಗಳಿಗೆ ಕೊರತೆ ಇರಲಿಲ್ಲ. ಮೊನೊಕ್ರೊಟೊಫಾಸ್ ಎಂಬ ವಿಷವನ್ನು ಸಣ್ಣ ಚೀಲದಲ್ಲಿ ಹಾಕಿ ಬೇರಿಗೆ ಕಟ್ಟುವ ಪದ್ಧತಿ ಪ್ರಚಾರದಲ್ಲಿತ್ತು. ಮರ ಅದನ್ನು ಕುಡಿಯುತ್ತದೆ, ಕಾಯಿ ತಲುಪುತ್ತದೆ, ನುಸಿ ಸಾಯುತ್ತದೆ.

ಆ ಹೆಸರು ಕೇಳಿದರೆ ನನಗೆ ನೆನಪಾಗುತ್ತಿದ್ದುದು ಬೇರೆ. 1980ರ ದಶಕದಲ್ಲಿ ಕರ್ನಾಟಕದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ, ಬೆಳೆಗೆ ಹೊಡೆಯುವ ಔಷಧ ಒಳಹೋದವರು ವಾರಕ್ಕೊಬ್ಬರಾದರೂ ಬರುತ್ತಿದ್ದರು. ಕೆಲವರು ಕುಡಿದವರು, ಕೆಲವರು ಬರಿ ಮೈಯಲ್ಲಿ ಗಾಳಿಗೆದುರಾಗಿ ಸಿಂಪಡಿಸಿದವರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆ. ರಾತ್ರಿಯಿಡೀ ಅಟ್ರೋಪಿನ್ ಚುಚ್ಚುತ್ತ ಕೂತರೆ ಕೆಲವರು ಬೆಳಗ್ಗೆ ಕಣ್ಣು ಬಿಡುತ್ತಿದ್ದರು. ಎಲ್ಲರೂ ಅಲ್ಲ. ಅಣ್ಣನಿಗೆ ನಾನು ಹೇಳಿದ್ದು ಇಷ್ಟೇ: "ಮರದ ಮದ್ದು ನನಗೆ ಗೊತ್ತಿಲ್ಲ. ಆ ಚೀಲ ಕಟ್ಟುವವನಿಗೆ ಏನಾಗುತ್ತದೆ ಎಂದು ಗೊತ್ತು. ಅದು ಬೇಡ."

ಅವರು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಹೇಳಿದ ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನಿನ ಮಿಶ್ರಣವನ್ನು ಹಿಡಿದರು. ಹತ್ತು ಲೀಟರ್ ನೀರಿಗೆ 200 ಮಿ.ಲೀ. ಎಣ್ಣೆ, 200 ಗ್ರಾಂ ಬೆಳ್ಳುಳ್ಳಿ, 50 ಗ್ರಾಂ ಸಾಬೂನು. ಮರ ಏರುವವರು ಸಿಗುವುದೇ ಕಷ್ಟವಾದ ಕಾಲದಲ್ಲಿ ಅದೂ ಸುಲಭವಿರಲಿಲ್ಲ. ಅತ್ತಿಗೆ ರಾಶಿ ಬೆಳ್ಳುಳ್ಳಿ ಜಜ್ಜಿ, "ಒಂದು ವರ್ಷದ ಒಗ್ಗರಣೆ ಮರಕ್ಕೇ ಹೋಯಿತು" ಎಂದು ನಗುತ್ತಿದ್ದರು.

ಅದೇ ವರ್ಷಗಳು, ಅದೇ ಕಾಸರಗೋಡು

ಕಾಸರಗೋಡಿನ ಆ ಕೇಂದ್ರ ಶುರುವಾದದ್ದು 1916ರಲ್ಲಿ, ಮದರಾಸು ಸರ್ಕಾರದ ತೆಂಗು ಸಂಶೋಧನಾ ಕೇಂದ್ರವಾಗಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಅಲ್ಲಿಂದ ಸ್ವಲ್ಪ ದೂರದಲ್ಲೇ ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗದಂಥ ಹಳ್ಳಿಗಳು; ಕನ್ನಡ, ತುಳು ಮಾತಾಡುವ ಜನ. ಸುತ್ತಲಿನ ಗುಡ್ಡಗಳಲ್ಲಿ ಸರ್ಕಾರಿ ಗೇರು ತೋಟ. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು.

ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು ಮೊದಲೇ, 1979ರಲ್ಲಿ, ಅಂಗವೈಕಲ್ಯದ ಕರುಗಳು ಹುಟ್ಟಿದ್ದನ್ನು ಕಂಡು ಬರೆದಿದ್ದರು. ವಾಣಿನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ನರಸಂಬಂಧಿ ಕಾಯಿಲೆ, ಬುದ್ಧಿಮಾಂದ್ಯ, ಕ್ಯಾನ್ಸರ್ ಲೆಕ್ಕಕ್ಕಿಂತ ಹೆಚ್ಚಿರುವುದನ್ನು ಗಮನಿಸಿ ಎಚ್ಚರಿಸಿದರು. ವಾದವಿವಾದ, ಸಮಿತಿ, ನ್ಯಾಯಾಲಯಗಳ ದೀರ್ಘ ಹಾದಿಯ ನಂತರ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ ಮತ್ತು ಬಳಕೆಯನ್ನು ನಿಲ್ಲಿಸಿತು. ಒಬ್ಬ ಹಳ್ಳಿಯ ವೈದ್ಯ ತನ್ನ ಹೊರರೋಗಿಗಳ ಪುಸ್ತಕವನ್ನೇ ಸಾಕ್ಷಿಯಾಗಿ ಹಿಡಿದು ನಿಂತದ್ದನ್ನು ನನ್ನ ವೃತ್ತಿಯ ಗೌರವವೆಂದು ನಾನು ಭಾವಿಸುತ್ತೇನೆ. ಗೇರಿನ ಆ ಕೀಟವನ್ನು ಹಿಡಿದು ತಿನ್ನುವ ಕೆಂಪಿರುವೆ ಆ ಗುಡ್ಡಗಳಲ್ಲೂ ಗೂಡು ಕಟ್ಟುವ ಜೀವಿ. ಮೇಲಿನಿಂದ ಬಿದ್ದ ವಿಷಕ್ಕೆ ಕೀಟ ಯಾವುದು, ಇರುವೆ ಯಾವುದು, ಬಾವಿ ಯಾವುದು ಎಂಬ ಭೇದವಿರಲಿಲ್ಲ.

ತೊಟ್ಟಿನ ಕೆಳಗಿನ ಯುದ್ಧ

ತೆಂಗಿಗೆ ಹಿಂದಿರುಗೋಣ. ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯದವರು ನುಸಿಗೆ ರೋಗ ತರುವ ಹಿರ್ಸುಟೆಲ್ಲಾ ಎಂಬ ಶಿಲೀಂಧ್ರದಿಂದ ಮೈಕೋಹಿಟ್ ಎಂಬ ಪುಡಿ ತಯಾರಿಸಿ ಪ್ರಯೋಗ ನಡೆಸಿದರು. ಅದೇ ಹೊತ್ತಿಗೆ ಕಾಸರಗೋಡಿನಲ್ಲೂ ಶ್ರೀಲಂಕಾದಲ್ಲೂ ತೊಟ್ಟಿನ ಟೊಪ್ಪಿ ಬಿಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಪೀಡೆಯ ನುಸಿಯ ನಡುವೆ ಬೇರೊಂದು ನುಸಿ ಓಡಾಡುವುದು ಕಂಡಿತು. ನಿಯೋಸಿಯುಲಸ್ ಬರಾಕಿ. ಇದನ್ನು ಯಾರೂ ತಂದು ಬಿಟ್ಟಿರಲಿಲ್ಲ. ಮೊದಲೇ ನಮ್ಮ ತೋಟಗಳಲ್ಲಿತ್ತು. 1966ರಲ್ಲಿ ಆಲ್ಜೀರಿಯಾದಿಂದ ಇದಕ್ಕೆ ಹೆಸರು ಕೊಟ್ಟಿದ್ದವರು ಅದೇ ಅತಿಯಾಸ್-ಆಂರಿಯೋ.

ಬರಾಕಿಯ ದೇಹ ಚಪ್ಪಟೆ, ನೀಳ. ಬಿಗಿಯಾದ ತೊಟ್ಟಿನ ಸಂದಿಯಲ್ಲಿ ನುಗ್ಗಲು ಅನುಕೂಲ. ಆದರೂ ಎಳೆಗಾಯಿಯಲ್ಲಿ ಸಂದಿ ಎಷ್ಟು ಕಿರಿದೆಂದರೆ ಪೀಡೆಯ ನುಸಿ ಹೋಗಬಲ್ಲದು, ಬೇಟೆಗಾರ ಹೋಗಲಾರದು. ಪೀಡೆ ಕಚ್ಚಿದ ಕಾಯಿಯಲ್ಲಿ ಆ ಸಂದಿ ಸಾಮಾನ್ಯಕ್ಕಿಂತ ಹೆಚ್ಚು ಅಗಲವಾಗುತ್ತದೆ ಎಂದು ಶ್ರೀಲಂಕಾದ ಸಂಶೋಧಕರು ಅಳೆದು ತೋರಿಸಿದರು. ಅಂದರೆ ಗಾಯಗೊಂಡ ಕಾಯಿ ಬಾಗಿಲು ಸ್ವಲ್ಪ ತೆರೆದು ಕಾವಲುಗಾರನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅವರು ಬರಾಕಿಯನ್ನು ಪ್ರಯೋಗಾಲಯದಲ್ಲಿ ಸಾಕಿ, ಸಣ್ಣ ಪೊಟ್ಟಣದಲ್ಲಿ ತುಂಬಿ ಮರಕ್ಕೆ ಕಟ್ಟುವ ಕ್ರಮವನ್ನೂ ರೂಪಿಸಿದರು.

ಇದರಿಂದ ನುಸಿ ಪೀಡೆ ಮಾಯವಾಯಿತೇ? ಇಲ್ಲ. ಅದು ಇಂದಿಗೂ ಇದೆ, ಒಮಾನಿನ ದೋಫಾರಿನ ತೆಂಗಿನಲ್ಲೂ ಇದೆ. ಬೇಟೆಗಾರ ಯಾವಾಗಲೂ ಸ್ವಲ್ಪ ತಡವಾಗಿಯೇ ಬರುತ್ತದೆ. ಅಷ್ಟರಲ್ಲಿ ಕಾಯಿಗೆ ಕಲೆ ಬಿದ್ದಿರುತ್ತದೆ. ಆದರೆ ಮೊದಲ ವರ್ಷಗಳ ಭೀಕರತೆ ಹಲವೆಡೆ ಇಳಿದಿದೆ. ನಮ್ಮ ತೋಟದಲ್ಲಿ ಕೆಲವು ಮರಗಳ ಕಾಯಿಗೆ ಈಗಲೂ ಕಲೆ ಇರುತ್ತದೆ. ಅಣ್ಣ ಅದನ್ನು ಮನೆ ಖರ್ಚಿಗೆ ಇಟ್ಟುಕೊಳ್ಳುತ್ತಾರೆ. ಬೇರಿಗೆ ಚೀಲ ಕಟ್ಟಲಿಲ್ಲ. ಬಾವಿಯ ನೀರು ಕುಡಿಯಲು ಯಾರೂ ಯೋಚಿಸಬೇಕಾಗಿಲ್ಲ.

ಕುವೈತಿನಲ್ಲಿ ಕೂತು ಕಲಿಯಬೇಕಾದ್ದು

ದಕ್ಷಿಣದ ವಫ್ರಾ, ಉತ್ತರದ ಅಬ್ದಲಿ. ಕುವೈತಿನ ಸೌತೆ, ಟೊಮೇಟೊ ಬರುವುದು ಈ ಎರಡು ಕಡೆಯ ಹಸಿರುಮನೆಗಳಿಂದ. ಬಿಸಿ, ಒಣ ಹವೆ ಜೇಡನುಸಿಗೆ ಹಬ್ಬ. ಪರ್ಸಿಮಿಲಿಸ್‌ಗೋ 30 ಡಿಗ್ರಿ ದಾಟಿದರೆ ಸುಸ್ತು. ಗಾಳಿ ಒಣಗಿದರೆ ಅದರ ಮೊಟ್ಟೆ ಮುದುಡುತ್ತದೆ. ಆದ್ದರಿಂದ ಒಂದು ದೇಶದ ಮದ್ದನ್ನು ಇನ್ನೊಂದು ದೇಶಕ್ಕೆ ಹಾಗೆಯೇ ತರಲಾಗದು. ಸೆಕೆ ತಾಳುವ ಬೇಟೆಗಾರರನ್ನೂ ಹುಡುಕಿದ್ದಾರೆ. ಪೂರ್ವ ಮೆಡಿಟರೇನಿಯನ್ ತೀರದ ಸ್ವಿರ್ಸ್ಕಿ ಎಂಬ ನುಸಿ ಇಂದು ಬಿಳಿನೊಣ, ಥ್ರಿಪ್ಸ್‌ಗಳ ವಿರುದ್ಧ ಬಿಸಿನಾಡುಗಳ ಹಸಿರುಮನೆಗಳಿಗೆ ಹೇಳಿಮಾಡಿಸಿದಂತಿದೆ. 1962ರಲ್ಲಿ ಅದಕ್ಕೆ ಹೆಸರಿಟ್ಟವರೂ ಅತಿಯಾಸ್-ಆಂರಿಯೋ. ಹೊಟ್ಟೆಪಾಡಿನ ಉಪಯೋಗ ಯಾವುದೂ ಕಾಣದ ಕಾಲದಲ್ಲಿ ಎಲೆಗಳನ್ನು ತಿರುಗಿಸಿ ನೋಡಿ ಹೆಸರಿಟ್ಟ ಇಂಥವರ ಸಾಲ ನಮ್ಮ ಊಟದ ತಟ್ಟೆಯ ಮೇಲಿದೆ.

ಇನ್ನೊಂದು ಮಾತು ನಮ್ಮ ಸೂಟ್‌ಕೇಸುಗಳ ಬಗ್ಗೆ. ತೆಂಗಿನ ನುಸಿ ಸಾಗರ ದಾಟಿದ್ದು ಮನುಷ್ಯರ ಓಡಾಟದಿಂದ. ನಮ್ಮ ದೇಶದ ತೆಂಗಿನ ಹಳೆಯ ವೈರಿ ಕೆಂಪು ಮೂತಿ ಹುಳು 1980ರ ದಶಕದ ಮಧ್ಯದಲ್ಲಿ ಕೊಲ್ಲಿ ದೇಶಗಳಿಗೆ ಬಂದು, ಇಲ್ಲಿನವರು ಮಕ್ಕಳಂತೆ ಕಾಣುವ ಖರ್ಜೂರದ ಮರಗಳನ್ನು ಒಳಗಿನಿಂದ ಟೊಳ್ಳು ಮಾಡುತ್ತಿದೆ. ಅದನ್ನು ಹೊತ್ತು ತಂದದ್ದು ಸೋಂಕು ತಗುಲಿದ ಗಿಡಗಳು. ರಜೆ ಮುಗಿಸಿ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಸಸಿ, ಕರಿಬೇವಿನ ಗಿಡ, ಮೊಳೆತ ತೆಂಗು ತರುವ ಆಸೆ ಎಲ್ಲರಿಗೂ ಇರುತ್ತದೆ. ಗಿಡದೊಡನೆ ಬರುವ ಪೀಡೆ ತನ್ನ ವೈರಿಯನ್ನು ಊರಿನಲ್ಲೇ ಬಿಟ್ಟು ಬರುತ್ತದೆ. ಹೊಸ ನಾಡಿನಲ್ಲಿ ಅದನ್ನು ಹಿಡಿಯುವವರಿರುವುದಿಲ್ಲ. ಅನ್ನ ಕೊಟ್ಟ ನಾಡಿಗೆ ಅಂಥ ಉಡುಗೊರೆ ಬೇಡ.

ಊರಿನಿಂದ ಮುಂದಿನ ಚಿತ್ರ ಬಂದಾಗ, ಏನು ಹೊಡೆಸುವುದೆಂಬ ಪ್ರಶ್ನೆಗೆ ಮೊದಲು ಇನ್ನೆರಡು ಪ್ರಶ್ನೆ ಕೇಳಿ. ಅದು ನಿಜವಾಗಿ ಯಾವ ಜೀವಿ ಎಂದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಎಲೆಯನ್ನೋ ಕಾಯಿಯನ್ನೋ ಒಯ್ದು ತೋರಿಸಿದ್ದೀರಾ? ಹೊಡೆಯಲೇಬೇಕಾದರೆ, ಹೊಡೆಯುವ ಆಳಿನ ಮೂಗಿಗೆ, ಕೈಗೆ ಏನು ರಕ್ಷಣೆ ಇದೆ? ನಾವು ಇಲ್ಲಿಂದ ಕಳಿಸುವ ದಿನಾರು ಔಷಧದ ಡಬ್ಬಿ ಕೊಳ್ಳಬಲ್ಲದು. ಆ ಡಬ್ಬಿ ಕೈಯಲ್ಲಿ ಹಿಡಿಯುವವರು ನಮ್ಮವರೇ.